ನೆಟ್ ಬಂತನಾ?

ಹೊಸನಗರ ತಾಲೂಕಿನ ನಮ್ಮ ಸೀಮೆಯಲ್ಲಿ ಟವರ್ ಎಲ್ಲೆಲ್ಲಿ ಸಿಗುತ್ತದೆ ಎಂಬುದಕ್ಕೆ ಬಾಯಿಮಾತಿನ ನಕ್ಷೆಯೊಂದಿದೆ. ಶಾಲೆಯ ಹಿಂದಿನ ದಿಬ್ಬದಲ್ಲಿ ಎರಡು ಪಾಯಿಂಟು. ಭೂತನ ಬನದ ಪಕ್ಕದ ತಿರುವಿನಲ್ಲಿ ಒಂದು ಪಾಯಿಂಟು, ಅದೂ ಲಾರಿ ಅಡ್ಡ ಬರದಿದ್ದರೆ. ಸೊಸೈಟಿ ಕಟ್ಟೆಯ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಮಾತು ಬರುತ್ತದೆ, ಮೆಸೇಜು ಬರುವುದಿಲ್ಲ. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಅತ್ತಿಗೆ ತವರಿಗೆ ಫೋನು ಮಾಡುವ ಜಾಗ ಕೊಟ್ಟಿಗೆಯ ಹಿಂದೆ, ಗೊಬ್ಬರಗುಂಡಿಯ ಬದಿಯಲ್ಲಿ. ಅಲ್ಲಿ ಮಾತ್ರ ದನಿ ಕಡಿಯದೆ ಕೇಳುತ್ತದೆ. ಹೀಗಾಗಿ ಅವಳ ತವರಿನವರಿಗೆ ನಮ್ಮ ದನಕರುಗಳ ಕೂಗು ಒಂದೊಂದಾಗಿ ಪರಿಚಯವಿದೆ. ಯಾವುದಕ್ಕೆ ಕೆಮ್ಮು ಶುರುವಾಗಿದೆ ಎಂದು ಅವರೇ ನಮಗೆ ಹೇಳಿದ್ದೂ ಉಂಟು.

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಹುಡುಗರೆಲ್ಲ ಲ್ಯಾಪ್‌ಟಾಪು ಹಿಡಿದುಕೊಂಡು ಊರಿಗೆ ಬಂದರಲ್ಲ, ಆಗ ಈ ನಕ್ಷೆಗೆ ಬೆಲೆ ಬಂತು. ಗುಡ್ಡದ ನೆತ್ತಿಯ ಮೇಲೆ ಟಾರ್ಪಾಲಿನ ಬಿಡಾರಗಳು ಎದ್ದವು. ಜೂನು ಹಿಡಿಯುತ್ತಲೇ ಉಂಬಳ. ಒಂದು ಕೈಯಲ್ಲಿ ಮೌಸು, ಇನ್ನೊಂದರಲ್ಲಿ ಉಪ್ಪಿನ ಗಂಟು ಹಿಡಿದು ಅಮೆರಿಕದ ಸಾಹೇಬರ ಜೊತೆ ಮೀಟಿಂಗ್ ಮಾಡಿದವರು ನಮ್ಮೂರಲ್ಲಿ ಇದ್ದಾರೆ. ಮರುವರ್ಷ ಸುಳ್ಯದ ಬಳ್ಳಕದಲ್ಲಿ ರಸ್ತೆಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದ ಚಿತ್ರ ದೇಶವೆಲ್ಲ ಓಡಾಡಿತು. ನಮ್ಮವರು ಅದನ್ನು ನೋಡಿ, ‘ರಸ್ತೆಬದೀಲೇ ಸಿಗ್ತದಲ್ಲ, ಪುಣ್ಯವಂತರು’ ಎಂದರು. ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಎಂಬ ಬ್ಯಾನರು ಮಲೆನಾಡಿನ ಊರುಬಾಗಿಲುಗಳಲ್ಲಿ ಕಟ್ಟಿಕೊಂಡದ್ದು ಆ ದಿನಗಳಲ್ಲಿಯೇ. ಊರಿನ ಹೆಸರು ಬಿಟ್ಟರೆ ಬ್ಯಾನರಿನಲ್ಲಿ ಕನ್ನಡ ಇರಲಿಲ್ಲ, ಅದು ಬೇರೆ ವಿಷಯ.

ನಮ್ಮ ಮನೆಗೆ ಲಿನಕ್ಸ್ ಬಂದದ್ದೂ ಅದೇ ಗಡಿಬಿಡಿಯಲ್ಲಿ. ಅಣ್ಣನ ಮಗ, ನಮ್ಮ ಮಾಣಿ, ಕಾಲೇಜಿನಲ್ಲಿದ್ದಾಗ ಕೊಂಡ ದೊಡ್ಡ ಕಂಪ್ಯೂಟರು ಜಗಲಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದರೊಳಗಿದ್ದ ವಿಂಡೋಸ್ 7ನ್ನು 2020ರ ಜನವರಿ 14ರಿಂದ ಕಂಪನಿಯವರು ಕೈಬಿಟ್ಟಿದ್ದರು. ಹೊಸದನ್ನು ಹೊರುವ ತಾಕತ್ತು ಆ ಪೆಟ್ಟಿಗೆಗೆ ಇರಲಿಲ್ಲ. ಮಾಣಿ ಒಂದು ಮಧ್ಯಾಹ್ನ ಕೂತು ಲಿನಕ್ಸ್ ಮಿಂಟ್ ಹಾಕಿದ. ಅಣ್ಣ ಎದುರು ಕೂತು ಅಡಿಕೆ ಸುಲಿಯುತ್ತ ವಿಚಾರಣೆ ನಡೆಸಿದ.

‘ಎಷ್ಟು ಕೊಟ್ಟೆ ಇದಕ್ಕೆ?’

‘ಪುಕ್ಕಟೆ, ಅಪ್ಪಯ್ಯ.’

‘ಪುಕ್ಕಟೆ ಯಾರು ಮಾಡ್ತಾರನಾ?’

ಮಾಣಿ ಹೇಳಿದ: ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಅಂತ ಒಬ್ಬ ವಿದ್ಯಾರ್ಥಿ 1991ರಲ್ಲಿ ಇದರ ತಿರುಳನ್ನು ಬರೆದು ಎಲ್ಲರಿಗೂ ಹಂಚಿದ, ಆಮೇಲೆ ಸಾವಿರಾರು ಜನ ಕೈಹಾಕಿದರು. ಅಣ್ಣ ಸ್ವಲ್ಪ ಹೊತ್ತು ಯೋಚಿಸಿ, ‘ಅಲ್ಲಿ ಅಡಿಕೆ ತೋಟ ಇಲ್ಲ ಅಲ್ಲದಾ, ಹೊತ್ತು ಹೋಗಬೇಕಲ್ಲ’ ಎಂದು ಪ್ರಕರಣ ಮುಗಿಸಿದ.

ಅಣ್ಣನಿಗೆ ಕಂಪ್ಯೂಟರಿನಲ್ಲಿ ಬೇಕಾದದ್ದು ಬಹಳವಿಲ್ಲ. ಬೆಳಿಗ್ಗೆ ಅಡಿಕೆ ಧಾರಣೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಅಡಿಕೆ ಇಟ್ಟುಕೊಂಡವನಿಗೂ ಬೇಕು, ಮಾರಿ ಮುಗಿಸಿದವನಿಗೆ ಇನ್ನೂ ಹೆಚ್ಚು ಬೇಕು, ಹೊಟ್ಟೆ ಉರಿಸಿಕೊಳ್ಳಲಿಕ್ಕೆ. ಆಗಾಗ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದು, ನಿನ್ನೆ ಇದ್ದ ಹೆಸರೇ ಇವತ್ತೂ ಇದೆಯಾ ಎಂದು ನೋಡಬೇಕು. ರಾತ್ರಿ ತಾಳಮದ್ದಲೆ. ಇಷ್ಟಕ್ಕೆ ಲಿನಕ್ಸ್ ಚೆನ್ನಾಗಿಯೇ ನಡೆಯುತ್ತಿತ್ತು. ಹಳೆಯ ತಾಮ್ರದ ಲ್ಯಾಂಡ್‌ಲೈನಿನ ಮೇಲೆ ಬರುತ್ತಿದ್ದ ಇಂಟರ್ನೆಟ್ಟು ಅದು. ಭಾಗವತರು ಪದ ಎತ್ತಿದ ಮೇಲೆ ಅರ್ಥಧಾರಿ ಮಾತಾಡುವ ತನಕ ನಡುವೆ ಒಂದು ಕವಳ ಹಾಕಿಕೊಳ್ಳಲು ಪುರಸೊತ್ತು ಸಿಗುತ್ತಿತ್ತು.

ಆಮೇಲೆ ಫೈಬರ್ ಬಂತು. ಕರೆಂಟು ಕಂಬದಿಂದ ಕಂಬಕ್ಕೆ, ಕಂಬವಿಲ್ಲದಲ್ಲಿ ಹಲಸಿನ ಮರಕ್ಕೆ, ಹಲಸಿನ ಮರದಿಂದ ನಮ್ಮ ಮಾಡಿನ ಅಂಚಿಗೆ ಒಂದು ಕರಿ ಎಳೆ ಬಂದು ಮುಟ್ಟಿತು. ಅದರ ಹೊಟ್ಟೆಯೊಳಗೆ ಕೂದಲಿನಷ್ಟು ಸಪೂರದ ಗಾಜು. ಆ ಗಾಜಿನೊಳಗೂ ಬೆಳಕು ಓಡುವ ನಡುತಿರುಳು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ತುಸು ಕಡಿಮೆ. ಕೇಬಲ್ ಹುಡುಗ ಇದನ್ನೆಲ್ಲ ಹೇಳುತ್ತ ಗೋಡೆಗೆ ಬಿಳಿ ಪೆಟ್ಟಿಗೆ ಹೊಡೆದು, ಎಲ್ಲರ ಮೊಬೈಲಿಗೂ ವೈಫೈ ಹಾಕಿಕೊಟ್ಟು, ಚಹಾ ಕುಡಿದು ಹೋದ. ಅತ್ತಿಗೆ ಗೊಬ್ಬರಗುಂಡಿಯಿಂದ ಅಡುಗೆಮನೆಗೆ ಬಡ್ತಿ ಪಡೆದಳು. ಎಲ್ಲ ಸರಿ. ಜಗಲಿಯ ಕಂಪ್ಯೂಟರಿನಲ್ಲಿ ಮಾತ್ರ ಒಂದೇ ಒಂದು ಪುಟ ತೆರೆಯಲಿಲ್ಲ.

ವಯರ್ ಹಾಕಿದೆ. ಹಿಂದುಗಡೆ ಹಸಿರು ದೀಪ ಮಿಟುಕುತ್ತಿದೆ. ಪರದೆಯ ಮೂಲೆಯಲ್ಲಿ ‘ಕನೆಕ್ಟೆಡ್’ ಎಂದೇ ಇದೆ. ಮೊಬೈಲಿನಲ್ಲಿ ಬರುತ್ತದೆ, ಕಂಪ್ಯೂಟರಿನಲ್ಲಿ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಮನೆಯೊಳಗೆ ಸಿದ್ಧಾಂತಗಳು ಹುಟ್ಟುತ್ತವೆ. ಅಣ್ಣನದು: ‘ಪುಕ್ಕಟೆ ಹಾಕಿದ್ದಕ್ಕೇ ಹೀಗೆ.’ ಅತ್ತಿಗೆಯದು: ಮೊಬೈಲುಗಳೇ ಎಲ್ಲ ಹೀರಿಕೊಳ್ಳುತ್ತಿವೆ, ಕೆಳಗಿನವರಿಗೆ ಉಳಿಯುತ್ತಿಲ್ಲ. ಆಚೆಮನೆ ಭಾವ ಬಂದು ನೋಡಿ, ಪೆಟ್ಟಿಗೆಯನ್ನು ಈಶಾನ್ಯಕ್ಕೆ ಹೊಡೆಸಬೇಕಿತ್ತು ಎಂದ. ದೂರು ಕೊಡುವ ನಂಬರಿಗೆ ಫೋನು ಮಾಡಿದೆವು. ಅಲ್ಲಿನ ಹೆಣ್ಣುಮಗಳು ಬಹಳ ಮರ್ಯಾದೆಯವಳು. ಆಫ್ ಮಾಡಿ ಆನ್ ಮಾಡಿ ಎಂದಳು, ಮಾಡಿದೆವು. ಎಡಗಡೆ ಕೆಳಗೆ ವಿಂಡೋಸಿನ ಗುರುತು ಇದೆಯಲ್ಲ ಸಾರ್, ಅದನ್ನು ಒತ್ತಿ ಎಂದಳು. ‘ಅದಿಲ್ಲ ತಂಗೀ, ಇದು ಲಿನಕ್ಸು’ ಎಂದ ಅಣ್ಣ. ಆ ಕಡೆ ಕ್ಷಣಕಾಲ ಸದ್ದಿಲ್ಲ. ‘ಅದು ಯಾವ ಕಂಪನೀದು ಸಾರ್?’ ಅಣ್ಣನಿಗೆ ಉತ್ತರ ಗೊತ್ತಿತ್ತು. ಹೆಲ್ಸಿಂಕಿಯಿಂದ ಶುರುಮಾಡಿದ. ಲೈನು ಕಟ್ಟಾಯಿತು.

ಮಾಣಿಗೆ ಬೆಂಗಳೂರಿಗೆ ಫೋನು ಹೋಯಿತು. ಅವನು ಸಾಫ್ಟ್‌ವೇರ್ ಇಂಜಿನಿಯರು; ಊರಿನ ಲೆಕ್ಕದಲ್ಲಿ, ಮಿಕ್ಸಿಯಿಂದ ಹಿಡಿದು ಬೋರಿನ ಸ್ಟಾರ್ಟರಿನ ತನಕ ಎಲ್ಲದಕ್ಕೂ ಅವನೇ ಜವಾಬ್ದಾರ. ‘ಅಪ್ಪಯ್ಯಾ, ನಾನು ಫ್ರಂಟ್ ಎಂಡು. ನೆಟ್‌ವರ್ಕಿಗೆ ನಮ್ಮಲ್ಲಿ ಬೇರೆ ಟೀಮೇ ಉಂಟು’ ಎಂದುಬಿಟ್ಟ. ಮಗನನ್ನು ಅಷ್ಟು ಖರ್ಚು ಮಾಡಿ ಓದಿಸಿ ಎದುರುಗಡೆ ಮಾತ್ರ ಕಲಿಸಿದ ಕಾಲೇಜಿನ ಮೇಲೆ ಅಣ್ಣನಿಗೆ ಸಿಟ್ಟು ಬಂತು. ‘ಅವಳತ್ರ ಕೇಳಿ. ಅವಳಿಗೆ ಗೊತ್ತುಂಟು’ ಎಂದು ಮಾಣಿ ಫೋನಿಟ್ಟ.

ಅವಳು ಅಂದರೆ ಸೊಸೆ. ಮಳೆಗಾಲಕ್ಕೆಂದು ಊರಿಗೆ ಬಂದು, ಮಾಳಿಗೆಯ ಮೇಲೆ ಕೂತು ಕಂಪನಿಯೊಂದರ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದಳು. ಕಾಮರ್ಸ್ ಓದಿದವಳು. ಕಾಸರಗೋಡಿನ ಪೆರ್ಲದ ಕಡೆಯವಳು, ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದವಳು. ಇಷ್ಟರಲ್ಲಿ ಲಿನಕ್ಸ್ ಎಲ್ಲಿಂದ ಬಂತು ಎಂದು ನನಗೂ ಆಶ್ಚರ್ಯವಾಯಿತು. ಆಮೇಲೆ ತಿಳಿಯಿತು. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರು ಮಾಡಿ, ಮುಂದೆ ತನ್ನ ಶಾಲೆಗಳ ಕಂಪ್ಯೂಟರುಗಳನ್ನು ಲಿನಕ್ಸಿಗೆ ತಿರುಗಿಸಿತು. 2017ರಲ್ಲಿ ಅದೇ ‘ಕೈಟ್’ ಎಂಬ ಸಂಸ್ಥೆಯಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಐಟಿಗೆ ಪ್ರಾಯೋಗಿಕ ಪರೀಕ್ಷೆಯೇ ಇದೆ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳೂ ಕನ್ನಡ ಪುಸ್ತಕ ಇಟ್ಟುಕೊಂಡು ಲಿನಕ್ಸ್ ಕಲಿತು ಅದರಲ್ಲಿ ಪಾಸಾಗಬೇಕು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿ ಕೈಬಿಟ್ಟುಹೋದ ನೋವನ್ನು ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷದ ಬಾಳಿನ ಕೊನೆಯ ತನಕ ಹೇಳುತ್ತ ಬಂದರು, ನಾವೂ ಒಪ್ಪುತ್ತ ಬಂದೆವು. ನಮ್ಮ ಮನೆಯ ಮಟ್ಟಿಗೆ ಮಾತ್ರ ಆ ಗಡಿಯಿಂದ ಒಂದು ಉಪಕಾರವಾಯಿತು ಎಂದು ಸಣ್ಣ ದನಿಯಲ್ಲಿ ಹೇಳಬೇಕು.

‘ಒಮ್ಮೆ ನೋಡುವ ಮಾವ’ ಎಂದು ಅವಳು ಕುರ್ಚಿ ಎಳೆದುಕೊಂಡಳು. ಎಲ್ಲರೂ ಹಿಂದೆ ನಿಂತೆವು. ಅವಳು ಬಣ್ಣದ ಚಿತ್ರಗಳನ್ನೆಲ್ಲ ಬಿಟ್ಟು ಒಂದು ಕರಿ ಕಿಟಕಿ ತೆಗೆದಳು. ಕಂಪ್ಯೂಟರು ಪೂರ್ತಿ ಹಾಳಾಯಿತು ಎಂದು ಅತ್ತಿಗೆ ದೇವರಿಗೆ ಒಂದು ಕಾಯಿ ಹೇಳಿಕೊಂಡಳು.

ಆಮೇಲೆ ಅವಳು ಮಾಡಿದ್ದು ನಮಗೆ ಅಕ್ಷರಶಃ ಅರ್ಥವಾಗಲಿಲ್ಲ, ಆದರೆ ಕ್ರಮ ಮಾತ್ರ ಗುರುತು ಸಿಕ್ಕಿತು. ನಮ್ಮ ಮನೆಗೆ ನೀರು ಬರುವುದು ಗುಡ್ಡದ ಮೇಲಿನ ಅಬ್ಬಿಯಿಂದ. ಅಜ್ಜನ ಕಾಲದಲ್ಲಿ ಅಡಿಕೆ ದಂಬೆ ಇತ್ತು, ಈಗ ಕರಿ ಪೈಪು. ಬಚ್ಚಲಿಗೆ ನೀರು ನಿಂತರೆ ಯಾರೂ ನೇರ ಅಬ್ಬಿಗೆ ಹತ್ತುವುದಿಲ್ಲ. ಮೊದಲು ಬಚ್ಚಲಿನ ನಲ್ಲಿ ತಿರುಗಿಸಿ ನೋಡು. ಆಮೇಲೆ ತೊಟ್ಟಿಯ ಹತ್ತಿರದ ಜೋಡು ಬಿಚ್ಚಿ ನೋಡು. ಅಲ್ಲಿ ನೀರು ಚಿಮ್ಮಿದರೆ ತೊಂದರೆ ಕೆಳಗೆ, ಚಿಮ್ಮದಿದ್ದರೆ ಮೇಲೆ. ತೋಟದ ದರೆಯ ಜೋಡು, ಹಕ್ಕಲಿನ ಜೋಡು, ಕಾನಿನ ಅಂಚಿನ ಜೋಡು. ಹೀಗೆ ಒಂದೊಂದೇ ಬಿಚ್ಚುತ್ತ ಹೋದರೆ ಎಲ್ಲಿಯೋ ಒಂದು ಕಡೆ ಮುಳ್ಳುಹಂದಿ ಕಡಿದಿರುತ್ತದೆ, ಇಲ್ಲವೆ ಪೈಪಿನ ಬಾಯಿಗೆ ಎಲೆ ಕೂತಿರುತ್ತದೆ. ಅಣ್ಣ ಹುಟ್ಟಿದಾಗಿನಿಂದ ಮಾಡಿದ್ದು ಇದೇ ಕೆಲಸ. ಸೊಸೆ ಕರಿ ಕಿಟಕಿಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ ಎಂದು ಅವನಿಗೆ ಹೊಳೆದ ಕ್ಷಣದಿಂದ ಅವನು ಸುಮ್ಮನೆ ನಿಲ್ಲಲಿಲ್ಲ. ಒಂದೊಂದು ಹೆಜ್ಜೆಗೂ ಸಲಹೆ ಕೊಡತೊಡಗಿದ.

ಮೊದಲನೆಯದು ‘ಐಪಿ ಎ’ ಎಂಬ ಪುಟ್ಟ ಆಜ್ಞೆ. ಕಂಪ್ಯೂಟರಿಗೆ ವಿಳಾಸ ಸಿಕ್ಕಿದೆಯೋ ಇಲ್ಲವೋ ಎಂದು ಅದು ಹೇಳುತ್ತದೆ. 127.0.0.1 ಅಂದರೆ ತನಗೆ ತಾನೇ. ಅದು ಇದ್ದೇ ಇರುತ್ತದೆ. ಅದರ ಕೆಳಗೆ 192.168.1.5. ‘ಇದು ಗೋಡೆಯ ಪೆಟ್ಟಿಗೆ ಕೊಟ್ಟದ್ದು. 169.254 ಅಂತ ಶುರುವಾಗಿದ್ದರೆ ಯಾರೂ ಕೊಡದೆ ಇದೇ ಒಂದು ನಂಬರು ಮಾಡಿಕೊಂಡು ಕೂತಿದೆ ಅಂತ ಅರ್ಥ’ ಎಂದಳು. ಅಂದರೆ ಪೆಟ್ಟಿಗೆಯ ತನಕ ವಯರು ಸರಿ. ಎರಡನೆಯದು, ಆ ಪೆಟ್ಟಿಗೆಯನ್ನೇ ಕರೆಯುವುದು: ಪಿಂಗ್ 192.168.1.1. ಕರೆದ ಪ್ರತಿ ಸಲವೂ ಒಂದು ಮಿಲಿಸೆಕೆಂಡಿಗೂ ಮೊದಲೇ ‘ಓ’ ಎಂದಿತು. ಮೂರನೆಯದು, ಊರಾಚೆ ಕರೆಯುವುದು: ಪಿಂಗ್ 8.8.8.8. ಇದು ಗೂಗಲಿನವರು ಇಟ್ಟಿರುವ ಯಂತ್ರ, ಯಾರು ಕರೆದರೂ ಓಗೊಡುತ್ತದೆ. ಸಾಲು ಸಾಲಾಗಿ ಉತ್ತರ ಬಂತು, ಮೂವತ್ತು ಚಿಲ್ಲರೆ ಮಿಲಿಸೆಕೆಂಡು.

‘ಅಬ್ಬಿ ತನಕ ಸರಿ ಉಂಟಲ್ಲ ಮಾರಾಯ್ತಿ!’ ಎಂದ ಅಣ್ಣ.

ಈ ಪಿಂಗ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದ ಮೈಕ್ ಮೂಸ್ ಎಂಬಾತ ತನ್ನ ನೆಟ್‌ವರ್ಕು ಕೈಕೊಟ್ಟಾಗ ಒಂದೇ ಸಂಜೆ ಕೂತು ಬರೆದ ಸಾವಿರ ಸಾಲಿನಷ್ಟು ಪ್ರೋಗ್ರಾಮು ಅದು. ನೀರಿನಡಿಯ ಜಲಾಂತರ್ಗಾಮಿಯನ್ನು ಪತ್ತೆಮಾಡಲು ಸೋನಾರ್ ಯಂತ್ರ ಹೊರಡಿಸುವ ಸದ್ದಿನ ಹೆಸರನ್ನೇ ಅದಕ್ಕಿಟ್ಟ. ದೊಡ್ಡ ದೊಡ್ಡ ಕೆಲಸ ಮಾಡಿದ ಮನುಷ್ಯ, ಆದರೆ ಜನ ನೆನಪಿಟ್ಟದ್ದು ಇದನ್ನೊಂದೇ. ಬದುಕಿನಲ್ಲಿ ತನಗೆ ಹೆಸರು ತರುವುದು ಇದೇ ಎಂದು ಆಗ ಗೊತ್ತಿದ್ದಿದ್ದರೆ ಇನ್ನೂ ಒಂದೆರಡು ದಿನ ಕೂತು ಮತ್ತಷ್ಟು ಆಯ್ಕೆಗಳನ್ನು ಸೇರಿಸುತ್ತಿದ್ದೆನೇನೋ ಎಂದು ಅವನೇ ಬರೆದುಕೊಂಡಿದ್ದಾನೆ. 2000ದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಸೇರಿಸದೆ ಬಿಟ್ಟದ್ದೇ ಒಳ್ಳೆಯದಾಯಿತು ಎಂಬುದು ನನ್ನ ಅಭಿಪ್ರಾಯ. ಕರೆದೆ, ಓಗೊಟ್ಟರು, ಇಷ್ಟು ಹೊತ್ತು ಹಿಡಿಯಿತು. ಇದಕ್ಕಿಂತ ಹೆಚ್ಚು ಹೇಳುವ ಯಂತ್ರಗಳು ಸುಳ್ಳನ್ನೂ ಸೇರಿಸುತ್ತವೆ.

ನಾಲ್ಕನೆಯ ಹೆಜ್ಜೆಯಲ್ಲಿ ಸೊಸೆ ಅಂಕಿಯ ಬದಲು ಒಂದು ಹೆಸರು ಹಾಕಿ ಕರೆದಳು. ಕಂಪ್ಯೂಟರು ಸ್ವಲ್ಪ ಹೊತ್ತು ತಡವರಿಸಿ ಒಂದು ಸಾಲು ಬರೆಯಿತು: ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’.

‘ಟೆಂಪರರಿ ಅಂದ್ರೆ ಎಷ್ಟು ದಿನ?’ ಅಣ್ಣ ಕೇಳಿದ. ಸರ್ಕಾರಿ ಕಚೇರಿ ಸುತ್ತಿ ಬಂದವನ ಪ್ರಶ್ನೆ ಅದು.

‘ದಿನ ಅಲ್ಲ ಮಾವ. ದಾರಿ ಸರಿ ಉಂಟು, ಹೆಸರು ಹೇಳಿದರೆ ಯಾರದ್ದೂಂತ ಗೊತ್ತಾಗುವುದಿಲ್ಲ. ಡಿಎನ್‌ಎಸ್ ಇಲ್ಲ.’

ಇಂಟರ್ನೆಟ್ಟಿನಲ್ಲಿ ಓಡಾಡುವುದೆಲ್ಲ ಅಂಕಿ. ಹೆಸರು ನಮ್ಮ ಅನುಕೂಲಕ್ಕೆ. ಮೊದಲಿಗೆ ಜಾಲಕ್ಕೆ ಸೇರಿದ ಕಂಪ್ಯೂಟರುಗಳ ಹೆಸರೆಲ್ಲ ಒಂದೇ ಪಟ್ಟಿಯಲ್ಲಿದ್ದವು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಹೆಂಗಸಿನ ಕಚೇರಿ ಅದನ್ನು ನೋಡಿಕೊಳ್ಳುತ್ತಿತ್ತು; ಹೊಸ ಕಂಪ್ಯೂಟರನ್ನು ಜಾಲಕ್ಕೆ ಸೇರಿಸುವವರು ಅಲ್ಲಿಗೆ ತಿಳಿಸಿ ಹೆಸರು ಬರೆಸಬೇಕಿತ್ತು. ಪಟ್ಟಿ ಉದ್ದವಾಗಿ ಕೈಮೀರಿದ ಮೇಲೆ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಈ ಡಿಎನ್‌ಎಸ್ ಏರ್ಪಾಡು ಕಟ್ಟಿದರು. ಈಗ ಪಟ್ಟಿ ಲೋಕದ ತುಂಬ ಹಂಚಿಕೊಂಡಿದೆ. ನಿಮ್ಮ ಕಂಪ್ಯೂಟರಿಗೆ ಹತ್ತಿರದಲ್ಲಿ ಕೇಳಲು ಒಬ್ಬ ಗೊತ್ತಿದ್ದರೆ ಸಾಕು, ಅವನು ಮುಂದೆ ವಿಚಾರಿಸಿ ಹೇಳುತ್ತಾನೆ.

ಹೆಸರು ಗೊತ್ತಿದ್ದೂ ಜಾಗ ತಪ್ಪುವ ಕಷ್ಟ ನಮ್ಮ ತಾಲೂಕಿನವರಿಗೆ ಹೊಸದಲ್ಲ. ಕೆಳದಿ ಅರಸರ ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದು ಹೈದರ್‌ನಗರ ಎಂದ, ಜನ ನಗರ ಎಂದರು. ಮುಂದೆ ತಾಲೂಕು ಕಚೇರಿ ಅಲ್ಲಿಂದೆದ್ದು ಕಲ್ಲೂರುಕಟ್ಟೆಗೆ ಬಂತು, ಕಲ್ಲೂರುಕಟ್ಟೆ ಹೊಸನಗರವಾಯಿತು. ಇವತ್ತಿಗೂ ಹೊರಗಿನವರು ನಗರದಲ್ಲಿಳಿದು ತಾಲೂಕು ಕಚೇರಿ ಎಲ್ಲಿ ಎಂದು ಕೇಳುತ್ತಾರೆ. ಕೋಟೆ ತೋರಿಸಿ, ಟಿಪ್ಪು ಕಾಲದ ಸುದ್ದಿ ಹೇಳಿ, ಚಹಾ ಕುಡಿಸಿ, ಮುಂದಿನ ಬಸ್ಸಿಗೆ ಹತ್ತಿಸುವುದು ಊರಿನ ಪದ್ಧತಿ.

ನಮ್ಮ ಕಂಪ್ಯೂಟರು ಯಾರನ್ನು ಕೇಳುತ್ತಿತ್ತು ಎಂದು ಸೊಸೆ ಹುಡುಕಿದಳು. ಎಟ್ಸಿ ಎಂಬ ಫೋಲ್ಡರಿನಲ್ಲಿ ರಿಸಾಲ್ವ್ ಡಾಟ್ ಕಾನ್ಫ್ ಎಂಬ ಕಡತವಿದೆ. ಅದು, ನನ್ನನ್ನು ಕೇಳಬೇಡಿ, ಒಳಗಿನ ಗುಮಾಸ್ತನನ್ನು ಕೇಳಿ ಎಂದಿತು. ಅಲ್ಲಿಂದ ನೆಟ್‌ವರ್ಕ್ ಸೆಟ್ಟಿಂಗಿಗೆ ಹೋಗಿ, ವಯರಿನ ಸಂಪರ್ಕದ ಪಕ್ಕದ ಹಲ್ಲುಚಕ್ರ ಒತ್ತಿ ಒಳಗೆ ನೋಡಿದರೆ ಎರಡು ನಂಬರು ಕೈಯಲ್ಲೇ ಬರೆದು ಕೂತಿದ್ದವು. ಹಿಂದೊಮ್ಮೆ ಲ್ಯಾಂಡ್‌ಲೈನಿನ ಇಂಟರ್ನೆಟ್ಟು ನಿಧಾನವೆಂದು ಮಾಣಿ ಎಲ್ಲಿಂದಲೋ ಕೇಳಿ ತಂದು ತುಂಬಿದ್ದ, ಆ ಹಳೆಯ ಕಂಪನಿಯ ಹೆಸರು ಹೇಳುವ ಯಂತ್ರಗಳ ನಂಬರು. ಅವು ತಮ್ಮ ಗಿರಾಕಿಗಳಿಗೆ ಮಾತ್ರ ಉತ್ತರ ಕೊಡುತ್ತವೆ. ನಾವು ಕಂಪನಿ ಬಿಟ್ಟು ಬೇರೆಯವರ ಫೈಬರಿಗೆ ಬಂದ ದಿನದಿಂದ ಅವಕ್ಕೆ ನಾವು ಯಾರೋ ಹೊರಗಿನವರು. ಮೊಬೈಲುಗಳಲ್ಲಿ ಯಾರೂ ಹೀಗೆ ಕೈಯಾರೆ ಬರೆದಿರಲಿಲ್ಲ. ಬಿಳಿ ಪೆಟ್ಟಿಗೆ ಹೇಳಿದವರನ್ನು ಕೇಳುತ್ತಿದ್ದವು, ಸುಖವಾಗಿದ್ದವು. ಸೊಸೆ ಎರಡೂ ಸಾಲನ್ನು ಅಳಿಸಿದಳು. ತನ್ನಷ್ಟಕ್ಕೆ ಬಂದದ್ದನ್ನು ತೆಗೆದುಕೊ ಎಂಬ ಗುಂಡಿ ಒತ್ತಿದಳು. ಸಂಪರ್ಕ ಕಡಿದು ಮತ್ತೆ ಜೋಡಿಸಿದಳು. ಅಡಿಕೆ ಧಾರಣೆ ತೆರೆದುಕೊಂಡಿತು.

‘ಇಷ್ಟೇಯನಾ?’ ಎಂದ ಅಣ್ಣ. ಅವನ ಮುಖದಲ್ಲಿ ಖುಷಿಗಿಂತ ನಿರಾಸೆ ಹೆಚ್ಚಿತ್ತು. ರಾಶಿಗೆ ಇಳಿದಿದ್ದದ್ದೂ ಒಂದು ಕಾರಣ.

ನನಗೆ ಲಿನಕ್ಸಿನ ಮೇಲೆ ಗೌರವ ಬಂದದ್ದು ಆ ಕರಿ ಕಿಟಕಿಯಿಂದ. ಬೇರೆ ಕೆಲವು ಯಂತ್ರಗಳು ಕೆಟ್ಟಾಗ ನಯವಾಗಿ ಮಾತಾಡುತ್ತವೆ: ಏನೋ ತೊಂದರೆಯಾಗಿದೆ, ನಾವು ನೋಡುತ್ತಿದ್ದೇವೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಮುಂದೆ ಒಂದು ನಗುವ ಬೊಂಬೆ. ಪೇಟೆಯಲ್ಲಿ ಅದು ನಡೆಯುತ್ತದೆ, ಸಂಜೆಯೊಳಗೆ ಯಾರಾದರೂ ಬರುತ್ತಾರೆ. ನಮ್ಮಲ್ಲಿ ಮಳೆ ಹಿಡಿದು, ದರೆ ಜರಿದು, ಹುಲಿಕಲ್ ಘಾಟಿಯಲ್ಲಿ ಮರ ಬಿದ್ದರೆ ಬರುವವರು ಯಾವಾಗ ಬಂದಾರೋ. ನಮಗೆ ಸಮಾಧಾನ ಬೇಡ, ಎಲ್ಲಿ ಕಡಿದಿದೆ ಎಂಬುದು ಬೇಕು. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದರೆ ಹೊರಹೋಗುವ ದಾರಿಯೇ ಗೊತ್ತಿಲ್ಲ. ‘ಹೋಸ್ಟ್ ಅನ್‌ರೀಚಬಲ್’ ಎಂದರೆ ದಾರಿ ಗೊತ್ತುಂಟು, ಆಚೆ ಮನೆಯಲ್ಲಿ ಬಾಗಿಲು ತೆಗೆಯುವವರಿಲ್ಲ. ‘ನೋ ಕ್ಯಾರಿಯರ್’ ಎಂದರೆ ವಯರೇ ಸತ್ತಿದೆ. ಒರಟು ಮಾತು, ಆದರೆ ಮೂರಕ್ಕೂ ಬೇರೆ ಬೇರೆ ಮದ್ದು. ಆಫ್ ಮಾಡಿ ಆನ್ ಮಾಡಿ ಎಂಬ ಸರ್ವರೋಗದ ಕಷಾಯವನ್ನು ನಾನು ಅಲ್ಲಗಳೆಯುವುದಿಲ್ಲ. ಎಷ್ಟೋ ಸಲ ಹೊಸದಾಗಿ ವಿಳಾಸ ಸಿಕ್ಕಿ ಎಲ್ಲ ಸರಿಯಾಗುತ್ತದೆ. ಯಾಕೆ ಕೆಟ್ಟಿತ್ತು ಎಂದು ಮಾತ್ರ ತಿಳಿಯುವುದಿಲ್ಲ, ಮತ್ತೆ ಕೆಡುತ್ತದೆ.

ಸೊಸೆಯ ಕೀರ್ತಿ ಹಬ್ಬಿತು. ಆ ಮಳೆಗಾಲವೆಲ್ಲ ಅವಳು ಕೊಡೆ ಹಿಡಿದು ನಾಲ್ಕು ಮನೆ ತಿರುಗಿದಳು. ಫೀಸು ತೆಗೆದುಕೊಳ್ಳುವಂತಿಲ್ಲ, ಬಸಳೆ, ತೊಂಡೆಕಾಯಿ, ಒಂದು ಕಡೆ ಜೀರಿಗೆ ವಾಸನೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಭರಣಿಯ ಮನೆಯದು ಸುಲಭದ ಕೇಸು. ಲ್ಯಾಪ್‌ಟಾಪಿನಲ್ಲಿ ವೈಫೈಯೇ ಕಾಣೆ. ‘ಆರ್‌ಎಫ್‌ಕಿಲ್ ಲಿಸ್ಟ್’ ಎಂ‌ದು ಬರೆದದ್ದಕ್ಕೆ ‘ಸಾಫ್ಟ್ ಬ್ಲಾಕ್ಡ್: ಎಸ್’ ಎಂದಿತು. ಅಂದರೆ ಯಂತ್ರ ಕೆಟ್ಟಿಲ್ಲ, ಯಾರೋ ಬಾಯಿ ಕಟ್ಟಿದ್ದಾರೆ. ಆ ಮನೆಯ ಅಮ್ಮ ಹಬ್ಬಕ್ಕೆ ಮನೆ ಒರೆಸುವಾಗ ಕೀಬೋರ್ಡನ್ನೂ ಒತ್ತಿ ಒರೆಸಿದ್ದರು, ಏರೋಪ್ಲೇನ್ ಮೋಡಿನ ಕೀಲಿ ಬಿದ್ದಿತ್ತು. ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿದ್ದು 2023ರಲ್ಲಿ. ನಮ್ಮೂರಿನ ಲ್ಯಾಪ್‌ಟಾಪು ಅದಕ್ಕೂ ಮೊದಲೇ ಹಾರಾಟಕ್ಕೆ ತಯಾರಾಗಿ ನಿಂತಿತ್ತು.

ಇನ್ನೊಂದು ಮನೆಯಲ್ಲಿ ‘ನೋ ಕ್ಯಾರಿಯರ್’. ಅದು ಮೇ ತಿಂಗಳ ಗುಡುಗಿನ ಬಳುವಳಿ. ಮುಂಗಾರಿಗೆ ಮೊದಲಿನ ಸಿಡಿಲು ನಮ್ಮಲ್ಲಿ ಕೆಟ್ಟದ್ದು. ಪಶ್ಚಿಮದಲ್ಲಿ ಕಪ್ಪಾಯಿತು ಎಂದರೆ ಮನೆಯವರು ಒಣಹಾಕಿದ್ದನ್ನು ಎಳೆಯುವ ಮೊದಲು ಪ್ಲಗ್ಗು ಕೀಳುತ್ತಾರೆ. ಫೈಬರ್ ಗಾಜಿನದು, ಅದರೊಳಗೆ ಸಿಡಿಲು ಬರುವುದಿಲ್ಲ ಎಂದು ಕೇಬಲ್ ಹುಡುಗ ಹೇಳಿಹೋಗಿದ್ದ. ನಿಜ, ಗಾಜಿನಲ್ಲಿ ಬರುವುದಿಲ್ಲ. ಕರೆಂಟಿನ ಅಡಾಪ್ಟರಿನಲ್ಲಿ ಬಂದು, ಪೆಟ್ಟಿಗೆ ದಾಟಿ, ತಾಮ್ರದ ವಯರಿನಲ್ಲಿ ಓಡಿ ಕಂಪ್ಯೂಟರಿನ ಬಾಯಿಯನ್ನು ಸುಟ್ಟಿತ್ತು. ಇದಕ್ಕೆ ಯಾವ ಆಜ್ಞೆಯೂ ಮದ್ದಲ್ಲ, ಸಾಗರಕ್ಕೆ ಹೋಗಿ ಹೊಸ ಕಾರ್ಡು ತರಬೇಕು, ತಂದರು.

ಬಾಯಿಬಿಟ್ಟು ನಗುವಂಥದ್ದು ನಮ್ಮಲ್ಲೇ ಆಯಿತು. ಶ್ರಾವಣದ ಹೊತ್ತಿಗೆ ನೆಟ್ಟು ಬರುವುದು ಹೋಗುವುದು ಶುರುವಾಯಿತು. ಪಿಂಗ್ ಕೊಟ್ಟರೆ ಪೆಟ್ಟಿಗೆಯ ತನಕ ಸರಿ, ಅದರಾಚೆ ಹತ್ತಕ್ಕೆ ನಾಲ್ಕು ಕಾಣೆ. ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಆಗೊಮ್ಮೆ ಈಗೊಮ್ಮೆ ಕಣ್ಣು ಹೊಡೆಯುತ್ತದೆ. ಬೆಳಕು ಬರುತ್ತಿಲ್ಲ ಎಂದು ಅದರರ್ಥ. ‘ಇನ್ನು ನಮ್ಮ ಕಂಪ್ಯೂಟರಿನ ಕೆಲಸ ಅಲ್ಲ, ಲೈನು ನೋಡಬೇಕು’ ಎಂದಳು ಸೊಸೆ. ಅಣ್ಣನಿಗೆ ಇದು ತನ್ನ ಕ್ಷೇತ್ರ. ಕಂಬಳಿಕೊಪ್ಪೆ ಹಾಕಿಕೊಂಡು, ಕತ್ತಿ ಹಿಡಿದು, ಕೇಬಲ್ಲಿನ ಅಡಿಯಲ್ಲೇ ರಸ್ತೆಯ ತನಕ ನಡೆದ. ಹಲಸಿನ ಮರದಲ್ಲಿ ಸರಿ. ಕಂಬದಲ್ಲಿ ಸರಿ. ತಿರುವಿನಲ್ಲಿ ಒಂದು ಗೆಲ್ಲು ಮಲಗಿತ್ತು, ಕಡಿದು ಹಗುರ ಮಾಡಿ ಬಂದ. ದೀಪ ಇನ್ನೂ ಕೆಂಪು.

ಕೊನೆಗೆ ಕೇಬಲ್ ಹುಡುಗ ಬಂದ. ಎಳೆಯನ್ನು ಬಿಚ್ಚಿ ಕೈಯಲ್ಲಿದ್ದ ಸಣ್ಣ ಮೀಟರಿಗೆ ಸಿಕ್ಕಿಸಿದ. ಮೈನಸ್ ಇಪ್ಪತ್ತೊಂಬತ್ತು. ‘ಇಪ್ಪತ್ತೇಳರ ಒಳಗೆ ಬರಬೇಕು ಸಾರ್, ಅದಕ್ಕಿಂತ ಹೆಚ್ಚು ಮೈನಸ್ ಆದ್ರೆ ಪೆಟ್ಟಿಗೆಗೆ ಕಾಣ್ಸಲ್ಲ.’ ಪೇಟೆಯಿಂದ ಇಷ್ಟು ದೂರ ಓಡಿಬಂದ ಬೆಳಕು ನಮ್ಮ ಮಾಡಿನ ಕೆಳಗೇ ಎಲ್ಲೋ ಸೋರಿಹೋಗುತ್ತಿತ್ತು. ಅವನು ಕೆಂಪು ಬೆಳಕಿನ ಪೆನ್ನೊಂದನ್ನು ತೆಗೆದು ಎಳೆಯ ತುದಿಗೆ ಇಟ್ಟು ಒತ್ತಿದ. ಜಗಲಿಯ ದೀಪ ಆರಿಸಿ ನೋಡಿದರೆ, ಕಿಟಕಿಯ ದಾರಂದದ ಮೂಲೆಯಲ್ಲಿ ಒಂದು ಕಡೆ ಕೆಂಪಗೆ ಜಿನುಗುತ್ತಿದೆ. ಕೇಬಲ್ಲು ಜೋತಾಡಿ ಅಸಹ್ಯವಾಗಿ ಕಾಣುತ್ತದೆಂದು ಅಣ್ಣ ಚೌತಿಗೆ ಮೊದಲು ಅದನ್ನು ಮೂಲೆಗೆ ಒತ್ತಿ ಮಡಚಿ, ಮೇಲೊಂದು ಮೊಳೆ ಹೊಡೆದು, ಬಾಳೆನಾರಿನಲ್ಲಿ ಬಿಗಿದು ಕಟ್ಟಿದ್ದ. ಗಾಜಿನೊಳಗಿನ ಬೆಳಕಿಗೆ ಅಷ್ಟು ಚೂಪು ತಿರುವು ಆಗುವುದಿಲ್ಲ, ಹೊರಗೆ ಹಾರಿಬಿಡುತ್ತದೆ. ಹುಡುಗ ನಾರು ಕತ್ತರಿಸಿ ಎಳೆಯನ್ನು ದುಂಡಗೆ ಬಿಟ್ಟ. ಮೈನಸ್ ಇಪ್ಪತ್ತೊಂದು.

‘ನಾನು ಕಟ್ಟಿದ್ದು ಗಟ್ಟಿ ಇತ್ತು’ ಎಂದ ಅಣ್ಣ. ಯಾರೂ ಇಲ್ಲವೆನ್ನಲಿಲ್ಲ.

ಸೊಸೆ ದಸರೆ ಕಳೆದು ಬೆಂಗಳೂರಿಗೆ ಹೋಗುವ ಮೊದಲು ಮಾವನಿಗೆ ಕರಿ ಕಿಟಕಿ ತೆಗೆಯುವುದನ್ನೂ, ‘ಪಿಂಗ್ ಹತ್ತು ಸಲ’ ಕೊಡುವುದನ್ನೂ ಕಲಿಸಿದಳು. ಅಣ್ಣನಿಗೆ ಅಂಕಿ ಬರೆಯುವ ಹುಚ್ಚು ಮೊದಲಿನಿಂದಲೂ ಇದೆ. ಅಂಗಳದಲ್ಲಿ ಮಳೆಮಾಪಕ ನೆಟ್ಟಿದ್ದಾನೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಾದ ಬೆಳಿಗ್ಗೆ ಎಂಟೂವರೆಗೇ ಅಳೆದು ಡೈರಿಯಲ್ಲಿ ಬರೆಯಬೇಕು. ಪೇಪರಿನಲ್ಲಿ ಬರುವ ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಮಾಣಿ, ಚಕ್ರಾ, ಸಾವೇಹಕ್ಲುಗಳ ಮಳೆಯ ಲೆಕ್ಕಕ್ಕೆ ತಾಳೆ ಹಾಕಬೇಕು. ತನ್ನದು ಕಡಿಮೆ ಬಂದರೆ ಗಾಳಿಗೆ ನೀರು ಹಾರಿತು ಎನ್ನಬೇಕು. ಈಗ ಅದೇ ಪುಟದಲ್ಲಿ ಪಿಂಗಿಗೂ ಒಂದು ಕಲಂ ಎಳೆದಿದ್ದಾನೆ. ಹತ್ತು ಸಲ ಕರೆದ ಮೇಲೆ ಕಂಪ್ಯೂಟರು ಕನಿಷ್ಠ, ಸರಾಸರಿ, ಗರಿಷ್ಠ ಎಂದು ಕೊನೆಯಲ್ಲಿ ಲೆಕ್ಕ ಕೊಡುತ್ತದೆ. ಯಾವುದನ್ನು ಬರೆಯಬೇಕೆಂದು ಸೊಸೆಗೆ ಫೋನು ಮಾಡಿ ಕೇಳಿ ಸರಾಸರಿಗೆ ಇತ್ಯರ್ಥವಾಗಿದೆ.

ಆಚೆಮನೆ ಭಾವನೂ ಕಲಿತ. ಸಂಜೆ ಇಬ್ಬರೂ ದಣಪೆಯ ಹತ್ತಿರ ನಿಂತು ಲೆಕ್ಕ ಒಪ್ಪಿಸಿಕೊಳ್ಳುವುದನ್ನು ನಾನು ಕೇಳಿದ್ದೇನೆ.

‘ನಮ್ಮಲ್ಲಿ ಇವತ್ತು ಮೂವತ್ತೆಂಟು. ನಿಮ್ಮಲ್ಲಿ ಎಷ್ಟು ಭಾವ?’

‘ನೂರಾ ಇಪ್ಪತ್ತು!’ ಭಾವನ ದನಿಯಲ್ಲಿ ಹೆಮ್ಮೆ.

‘ಇದು ಕಡಿಮೆ ಇದ್ರೇ ಒಳ್ಳೇದು ಮಾರಾಯಾ.’

ಭಾವ ಅಣ್ಣನನ್ನು ಒಂದು ಗಳಿಗೆ ನೋಡಿದ. ಮಳೆಯ ಲೆಕ್ಕದಲ್ಲಿ ಎಷ್ಟೋ ವರ್ಷದಿಂದ ಸೋಲುತ್ತ ಬಂದವನು ಅವನು. ‘ಕಡಿಮೆ ಬಿದ್ದವರೆಲ್ಲ ಹಾಗೇ ಹೇಳೂದು’ ಎಂದು ಕವಳ ಉಗಿದು ಮನೆ ಕಡೆ ಹೊರಟ.